ನಮ್ಮ ಹೀರೋಗಳ ಹಾಡನ್ನೇ ನುಡಿಸಲು ಹೊರಟಿದ್ದೇವೆ, ನನ್ನ ಡ್ರಮ್ ಮಾತ್ರ ಡಬ್ಬ ಬಡಿದ ಹಾಗಿದೆ

ಎಡಗೈ_ಡ್ರಮ್ಮರ್ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಪ್ರಶ್ನೆ ಸ್ವಲ್ಪ ಉದ್ದ ಇದೆ. ತಾಳ್ಮೆ ಇದ್ದವರು ಓದಿ, ಇಲ್ಲದವರು ಬೈದು ಮುಂದೆ ಹೋಗಿ.

ನಮ್ಮದು ನಾಲ್ಕು ಜನರ ಬ್ಯಾಂಡ್. ಇಬ್ಬರು ಗಿಟಾರ್, ಅವರಲ್ಲಿ ಒಬ್ಬ ಹಾಡುತ್ತಾನೆ. ಬೇಸ್ ನುಡಿಸುವವಳು ಒಬ್ಬಳು. ಡ್ರಮ್ ನಾನು. ಇದರಿಂದ ಯಾರ ಹೊಟ್ಟೆಯೂ ತುಂಬುವುದಿಲ್ಲ. ಕೆಲಸ ಮುಗಿಸಿ ವಾರಕ್ಕೆ ಎರಡು ಸಂಜೆ ಸೇರುತ್ತೇವೆ, ಆರು ವರ್ಷದಿಂದ ಹೀಗೇ ನಡೆದಿದೆ. ನಾವು ನಾಲ್ವರೂ ಗೆಳೆಯರಾಗಿದ್ದೇ ಇಂಗ್ಲೆಂಡಿನ ರಾಕ್ ಬ್ಯಾಂಡ್ ಲೆಡ್ ಜೆಪ್ಪೆಲಿನ್ ಹುಚ್ಚಿನಿಂದ. ತಮಾಷೆ ನೋಡಿ, ಈ ಆರು ವರ್ಷದಲ್ಲಿ ಅವರ ಒಂದು ಹಾಡನ್ನೂ ವೇದಿಕೆಯಲ್ಲಿ ನುಡಿಸಿಲ್ಲ. ಬೇರೆಯವರದ್ದು ಎಷ್ಟೋ ನುಡಿಸಿದ್ದೇವೆ, ಸ್ವಂತದ್ದೂ ಏಳೆಂಟು ಹಾಡಿವೆ. ಇವರದ್ದು ಮಾತ್ರ ಮುಟ್ಟಿಲ್ಲ. ಚಪ್ಪಲಿ ಹಾಕಿಕೊಂಡು ದೇವರ ಕೋಣೆಗೆ ನುಗ್ಗಿದ ಹಾಗೆ ಅನ್ನಿಸುತ್ತಿತ್ತು.

ಇನ್ನು ಮೂರು ವಾರಕ್ಕೆ ಒಂದು ಕಾರ್ಯಕ್ರಮ ಇದೆ. ನಮಗೆ ಸಿಕ್ಕಿರುವುದು 40 ನಿಮಿಷ. ಕೊನೆಗೆ ‘ವೆನ್ ದ ಲೆವೀ ಬ್ರೇಕ್ಸ್’ ಮಾಡೋಣ ಎಂದು ಹಾಡುವವನು ಹಟ ಹಿಡಿದ. ನಾನು ಬೇಡವೇ ಬೇಡ ಅಂದೆ. ಕೈ ಎತ್ತಿಸಿದರು. ಮೂರು ಕೈ ಅವನ ಕಡೆ, ಒಂದು ಎಡಗೈ ಈ ಕಡೆ.

ಹಾಡು ಗೊತ್ತಿಲ್ಲದವರಿಗೆ ಒಂದು ಮಾತು. ಅದು 1971ರಲ್ಲಿ ಬಂದ ಅವರ ನಾಲ್ಕನೇ ಆಲ್ಬಮ್‌ನ ಕೊನೆಯ ಹಾಡು, ಏಳು ನಿಮಿಷ ಚಿಲ್ಲರೆ. ಶುರುವಾಗುವುದೇ ಬರೀ ಡ್ರಮ್‌ನಿಂದ. ಅವರ ಡ್ರಮ್ಮರ್ ಜಾನ್ ಬೊನಮ್ ಒಬ್ಬನೇ. ಹಾಡು ಕೇಳದವರೂ ಆ ಬೀಟ್ ಎಲ್ಲೋ ಕೇಳಿರುತ್ತಾರೆ. 1986ರಲ್ಲಿ ಬೀಸ್ಟಿ ಬಾಯ್ಸ್ ಎಂಬ ರ್ಯಾಪ್ ತಂಡ ಅದನ್ನು ಎತ್ತಿಕೊಂಡು ತನ್ನ ಮೊದಲ ಆಲ್ಬಮ್‌ನ ಮೊದಲ ಹಾಡಿಗೇ ಹಾಕಿತ್ತು. ಅಂದರೆ ನಾನು ಕೈ ಎತ್ತುವ ಮೊದಲೇ ಕೇಳುಗರ ತಲೆಯಲ್ಲಿ ಆ ಸದ್ದು ಇರುತ್ತದೆ. ಮೊದಲ ಎರಡು ಸೆಕೆಂಡಿನಲ್ಲೇ ನನ್ನ ಹಣೆಬರಹ ತೀರ್ಮಾನ.

ಮೊದಲ ರಿಹರ್ಸಲ್ ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡೆ. ಮನೆಗೆ ಹೋಗಿ ಕೇಳಿದರೆ ಯಾರೋ ಖಾಲಿ ಡಬ್ಬ ಬಡಿಯುತ್ತಿದ್ದಾರೆ. ನನ್ನದು 22 ಇಂಚಿನ ಕಿಕ್ ಡ್ರಮ್ (ಕಾಲಿನಿಂದ ಹೊಡೆಯುವ ದೊಡ್ಡ ಡ್ರಮ್), ಒಳಗೊಂದು ದಿಂಬು ತುರುಕಿದ್ದೇನೆ. ಬೊನಮ್‌ದು 26 ಇಂಚು. ನಾವು ಅಭ್ಯಾಸ ಮಾಡುವ ಕೋಣೆಯ ಚಾವಣಿ ತಗ್ಗು, ನೆಲಕ್ಕೆಲ್ಲ ಕಾರ್ಪೆಟ್. ಸ್ನೇರ್‌ಗೆ (ಕೋಲಿನಿಂದ ಹೊಡೆಯುವ ಸಣ್ಣ ಡ್ರಮ್) ಹೊಸ ಹೆಡ್, ಅಂದರೆ ಮೇಲಿನ ಹೊದಿಕೆ, ಹಾಕಿಸಿದೆ. ದಪ್ಪ ಕೋಲು ತಂದೆ. ಜೋರಾಗಿ ಹೊಡೆದು ಹೊಡೆದು ಮಣಿಕಟ್ಟು ಊದಿಕೊಂಡಿತು. ಸದ್ದು ಮಾತ್ರ ಡಬ್ಬದ್ದೇ, ಸ್ವಲ್ಪ ದೊಡ್ಡ ಡಬ್ಬ ಅಷ್ಟೇ.

ಇದರ ಮೇಲೆ ಒಳಜಗಳ ಬೇರೆ. ಇನ್ನೊಬ್ಬ ಗಿಟಾರಿನವನಿಗೆ ರೆಕಾರ್ಡ್‌ನಲ್ಲಿ ಇದ್ದದ್ದು ಇದ್ದ ಹಾಗೇ ಬರಬೇಕು, ಒಂದು ನೋಟ್ ಆಚೀಚೆ ಆಗುವಂತಿಲ್ಲ. ಹಾಡುವವನು ‘ನಮ್ಮ ಥರ ಮಾಡೋಣ’ ಅನ್ನುತ್ತಾನೆ. ನಮ್ಮ ಥರ ಅಂದರೆ ಯಾವ ಥರ ಅಂತ ಕೇಳಿದರೆ ಉತ್ತರ ಇಲ್ಲ. ಹೋದ ಸಲ ಮಾತಿಗೆ ಮಾತು ಬೆಳೆದು ಒಬ್ಬ ಗಿಟಾರ್ ಬ್ಯಾಗಿಗೆ ಹಾಕಿಕೊಂಡು ಎದ್ದು ಹೋದ. ಬೇಸ್‌ನವಳು ತಲೆ ಎತ್ತದೆ ‘ನೀವು ಮುಗಿಸಿ, ನಾನು ಟ್ಯೂನ್ ಮಾಡ್ತಾ ಇರ್ತೀನಿ’ ಅಂದಳು.

ನನಗೆ ಬೇಕಾದದ್ದು ಇಷ್ಟು. ಸುಮಾರು ಇನ್ನೂರು ಜನ ಹಿಡಿಸುವ ಹಾಲ್‌ನಲ್ಲಿ ಆ ಡ್ರಮ್ ಸದ್ದಿನ ಹತ್ತಿರಕ್ಕಾದರೂ ಹೋಗುವುದು ಹೇಗೆ? ಮತ್ತೆ, ಇಂಥ ಹಾಡನ್ನು ಹಾಗೇ ನಕಲು ಮಾಡಬೇಕಾ, ಬದಲಾಯಿಸಬೇಕಾ? ಆ ಹಾಡಿನಲ್ಲಿ ಹಾರ್ಮೋನಿಕಾ ಬೇರೆ ಇದೆ, ಅದನ್ನು ನುಡಿಸುವವರು ನಮ್ಮಲ್ಲಿ ಯಾರೂ ಇಲ್ಲ, ಅದೂ ಒಂದು ತಲೆನೋವು.

ಮಿಕ್ಸರ್_ಹಿಂದಿನವ

ಮೊದಲು ಮಣಿಕಟ್ಟಿಗೆ ರಜೆ ಕೊಡಿ ಮಾರಾಯರೇ. ಆ ಸದ್ದು ಬರೀ ಹೊಡೆತದ್ದಲ್ಲ, ಮನೆಯದ್ದು.

ಇಂಗ್ಲೆಂಡಿನ ಹ್ಯಾಂಪ್‌ಶೈರ್‌ನಲ್ಲಿ ಹೆಡ್ಲಿ ಗ್ರೇಂಜ್ ಅಂತ ದೊಡ್ಡ ಹಳೇ ಮನೆ. ಒಂದು ಕಾಲದಲ್ಲಿ ಗತಿ ಇಲ್ಲದ ಬಡವರನ್ನು ಇಟ್ಟು ದುಡಿಸುತ್ತಿದ್ದ ಕಟ್ಟಡ ಅದು. ಬ್ಯಾಂಡ್ ಅಲ್ಲೇ ಬೀಡುಬಿಟ್ಟಿತ್ತು. ರೋಲಿಂಗ್ ಸ್ಟೋನ್ಸ್‌ನವರ ಸಂಚಾರಿ ಸ್ಟುಡಿಯೋ ಬಾಗಿಲ ಆಚೆ ನಿಂತಿತ್ತು. ಡ್ರಮ್ ಕಿಟ್ ಇಟ್ಟಿದ್ದು ಕೋಣೆಯೊಳಗಲ್ಲ, ಮೆಟ್ಟಿಲು ಇಳಿದು ಬರುವ ಎತ್ತರದ ಹಜಾರದಲ್ಲಿ. ಎಂಜಿನಿಯರ್ ಆಂಡಿ ಜಾನ್ಸ್ ಎರಡು ಬೈಯರ್ ಎಂ160 ಮೈಕ್‌ಗಳನ್ನು ಮೇಲೆ ಮೆಟ್ಟಿಲ ಹತ್ತಿರ ತೂಗುಹಾಕಿದರು. ಅಷ್ಟೇ. ಕಿಕ್‌ಗೆ ಅಂತ ಪ್ರತ್ಯೇಕ ಮೈಕ್ ಇಲ್ಲ. ಆಮೇಲೆ ಸದ್ದಿನ ಏರಿಳಿತ ತಗ್ಗಿಸುವ ಕಂಪ್ರೆಸರ್‌ನಲ್ಲಿ ಹಿಂಡಿ, ಬಿನ್ಸನ್ ಎಕೊರೆಕ್ ಎಂಬ ಎಕೋ ಯಂತ್ರದಿಂದ ಸ್ವಲ್ಪ ಪ್ರತಿಧ್ವನಿ ಕೊಟ್ಟರು.

ಇನ್ನೊಂದು ಗುಟ್ಟು ಇದೆ. ಹಾಡಿನ ಟೇಪನ್ನು ನಿಧಾನ ಮಾಡಿದ್ದಾರೆ. ಟೇಪ್ ನಿಧಾನ ಆದರೆ ವೇಗದ ಜೊತೆ ಶ್ರುತಿಯೂ ಇಳಿಯುತ್ತದೆ. ಕಿಕ್ ಇನ್ನಷ್ಟು ದಪ್ಪ ಆಗುತ್ತದೆ, ಸ್ನೇರ್‌ನ ಬಾಲ ಉದ್ದ ಆಗುತ್ತದೆ. ಅಂದರೆ ಆ ಹಜಾರದಲ್ಲಿ ಬೊನಮ್ ಎದುರು ನೀವೇ ನಿಂತಿದ್ದರೂ ಈಗ ಕೇಳುವ ಸದ್ದು ನಿಮಗೆ ಕೇಳುತ್ತಿರಲಿಲ್ಲ. ಯಾವ ಡ್ರಮ್ಮರೂ ಯಾವ ಕೋಣೆಯಲ್ಲೂ ಹೊಡೆಯದ ಸದ್ದಿನ ಹಿಂದೆ ನೀವು ಓಡುತ್ತಿದ್ದೀರಿ.

ಹಾಗಂತ ಕೈ ಚೆಲ್ಲಬೇಡಿ. ದೂರದ ಎರಡು ಮೈಕ್ ಅಂದರೆ ಏನರ್ಥ? ಆಮೇಲೆ ಕಿಕ್ ಏರಿಸಿ, ಹೈಹ್ಯಾಟ್ (ಒಂದರ ಮೇಲೊಂದು ಕೂತ ಜೋಡಿ ತಟ್ಟೆ) ಇಳಿಸಿ ಅಂತ ಕೂರುವ ಹಾಗಿಲ್ಲ. ಯಾವುದು ಎಷ್ಟು ಕೇಳಬೇಕು ಅನ್ನುವುದನ್ನು ಹೊಡೆಯುವಾಗಲೇ ಅವನ ಕೈಕಾಲು ತೀರ್ಮಾನಿಸಿತ್ತು. ನನ್ನ ಕೈಗೆ ಬರುವ ಹತ್ತರಲ್ಲಿ ಎಂಟು ಡ್ರಮ್ಮರುಗಳಿಗೆ ಒಂದೇ ರೋಗ, ಹೈಹ್ಯಾಟ್‌ಗೆ ಬಡಿಯುತ್ತಾರೆ, ಕಿಕ್ ಸುಮ್ನೆ ಮುಟ್ಟುತ್ತಾರೆ. ನಿಮ್ಮ ಮೊಬೈಲನ್ನು ಕಿಟ್‌ನಿಂದ ಆದಷ್ಟು ದೂರ ಇಟ್ಟು ರೆಕಾರ್ಡ್ ಮಾಡಿ ನೋಡಿ. ಹೈಹ್ಯಾಟ್ ಎಲ್ಲದರ ಮೇಲೆ ಕೂತಿದ್ದರೆ ಅದೇ ನಿಮ್ಮ ಡಬ್ಬ.

ದಿಂಬು ತೆಗೆಯಿರಿ. ಪೂರ್ತಿ. ಎರಡು ಕಡೆಯ ಹೆಡ್‌ಗಳನ್ನೂ ಸ್ವಲ್ಪ ಬಿಗಿ ಮಾಡಿ. ಹತ್ತಿರದಿಂದ ಕೇಳಿದರೆ ಗುಂಯ್ ಅನ್ನುತ್ತದೆ, ಹೆದರಬೇಡಿ. ಆ ಗುಂಯ್ ಹತ್ತು ಅಡಿ ಆಚೆ ಹೋಗುವಷ್ಟರಲ್ಲಿ ಧಮ್ ಆಗಿರುತ್ತದೆ.

ಕಾರ್ಯಕ್ರಮದಲ್ಲಿ ದೂರದ ಮೈಕ್ ಆಸೆ ಬಿಡಿ. ಆಂಪ್, ಸ್ಪೀಕರ್ ಎಲ್ಲ ಅದರೊಳಗೆ ನುಗ್ಗಿ ಕುಯ್ ಅನ್ನಲು ಶುರುವಾಗುತ್ತದೆ. ಮಾಮೂಲಿನಂತೆ ಹತ್ತಿರದ ಮೈಕೇ ಇರಲಿ. ಕಿಕ್, ಸ್ನೇರ್ ಎರಡಕ್ಕೇ ಒಂದೇ ಸಲ ಮರುಕಳಿಸುವ ಡಿಲೇ ಹಾಕಲು ಸೌಂಡ್‌ನವರಿಗೆ ಹೇಳಿ. ನಿಮಿಷಕ್ಕೆ 70 ಬೀಟ್ ಅಂದರೆ ಹದಿನಾರನೇ ನೋಟ್‌ಗೆ (ಕಾಲು ಬೀಟ್) ಸುಮಾರು 214 ಮಿಲಿಸೆಕೆಂಡ್. ಆ ಲೆಕ್ಕ ಚೀಟಿಯಲ್ಲಿ ಬರೆದು ಕೈಗೆ ಕೊಡಿ. ಬಾಯಲ್ಲಿ ‘ಬೊನಮ್ ಥರ ಬೇಕು’ ಅಂದರೆ ನನಗೂ ಸಿಟ್ಟು ಬರುತ್ತದೆ.

ತಂತಿ_ಕಡಿದವ

ಮೇಲಿನವರು ಹೇಳಿದ್ದೆಲ್ಲ ಸರಿ. ಒಂದೇ ಸೇರಿಸುತ್ತೇನೆ. ಮೆಟ್ರೊನೋಮ್ (ಬೀಟ್ ಎಣಿಸುವ ಯಂತ್ರ) 70ಕ್ಕೆ ಇಟ್ಟು ಹತ್ತು ನಿಮಿಷ ಬರೀ ಆ ಬೀಟ್ ಹೊಡೆಯಿರಿ. ನಡುನಡುವೆ ಅಲಂಕಾರದ ಫಿಲ್ ಇಲ್ಲ, ಕ್ರ್ಯಾಶ್ ತಟ್ಟೆ ಇಲ್ಲ. ನಾಲ್ಕನೇ ನಿಮಿಷಕ್ಕೆ ಓಡಲು ಶುರು ಮಾಡುತ್ತೀರಿ. ನಿಧಾನ ಹೊಡೆಯುವಷ್ಟು ಕಷ್ಟ ಬೇರೆ ಇಲ್ಲ.

ಮತ್ತೆ ಇದು ಕದ್ದ ಹಾಡು ತಾನೇ? ಈ ಬ್ಯಾಂಡ್‌ಗೆ ಅದೇ ಕಸುಬಾಗಿತ್ತು.

ಹಳೇ_ತಟ್ಟೆ

ತಂತಿ ಅವರೇ, ಈ ಹಾಡಿಗೆ ಆ ಮಾತು ಪೂರ್ತಿ ಒಪ್ಪುವುದಿಲ್ಲ. ಅವರ ‘ಹೋಲ್ ಲಾಟ ಲವ್’ ಹಾಡಿನ ವಿಷಯದಲ್ಲಿ ಬ್ಲೂಸ್ ಹಾಡುಗಾರ ವಿಲ್ಲಿ ಡಿಕ್ಸನ್ 1985ರಲ್ಲಿ ಕೇಸು ಹಾಕಿದ್ದು, ಆಮೇಲೆ ಕೋರ್ಟ್ ಹೊರಗೆ ರಾಜಿ ಆದದ್ದು ನಿಜ. ಆದರೆ ‘ಲೆವೀ’ ಹಾಡಿಗೆ ಬ್ಯಾಂಡ್‌ನ ನಾಲ್ವರ ಜೊತೆ ಮೂಲ ಹಾಡಿನ ಮೆಂಫಿಸ್ ಮಿನ್ನಿ ಹೆಸರನ್ನೂ ಕೊಟ್ಟಿದ್ದಾರೆ.

ಈಗ ಎಡಗೈ ಅವರಿಗೆ. ಎಲ್ಲರೂ ಡ್ರಮ್ ಡ್ರಮ್ ಅನ್ನುತ್ತಿದ್ದೀರಿ. ಈ ಹಾಡಿನ ಮೊದಲ ರೆಕಾರ್ಡ್‌ನಲ್ಲಿ ಡ್ರಮ್ಮೇ ಇಲ್ಲ!

ಅದು 1929ರದ್ದು. ಕಾನ್ಸಸ್ ಜೋ ಮೆಕಾಯ್ ಮತ್ತು ಮೆಂಫಿಸ್ ಮಿನ್ನಿ, ಗಂಡ ಹೆಂಡತಿ. ಹಾಡಿರುವುದು ಜೋ. ಎರಡು ಗಿಟಾರ್, ಒಂದು ದನಿ, ಬೇರೇನೂ ಇಲ್ಲ. ಅದರಲ್ಲಿ ಮಿನ್ನಿಯ ಬೆರಳು ಕೇಳಬೇಕು ನೀವು. ಲೆವೀ ಅಂದರೆ ಪ್ರವಾಹ ತಡೆಯಲು ನದಿಯುದ್ದಕ್ಕೂ ಹಾಕಿದ ಒಡ್ಡು. 1927ರಲ್ಲಿ ಮಿಸಿಸಿಪ್ಪಿ ನದಿ ಉಕ್ಕಿ ಅಂಥ ಒಡ್ಡುಗಳು ಒಡೆದವು. ಲಕ್ಷಾಂತರ ಜನ ಮನೆ ಬಿಟ್ಟರು. ಒಡ್ಡು ಕಟ್ಟಲು, ಮರಳು ಚೀಲ ಹೊರಲು ಕರಿಯ ಕೂಲಿಗಳನ್ನು ಬಲವಂತವಾಗಿ ದುಡಿಸಿದರು. ಅದಾಗಿ ಎರಡೇ ವರ್ಷಕ್ಕೆ ಬಂದ ಹಾಡು ಇದು.

ವಿಚಿತ್ರ ಏನು ಗೊತ್ತಾ? ಅದು ಅಳುವ ಹಾಡಿನ ಥರ ಕೇಳುವುದೇ ಇಲ್ಲ. ನಡಿಗೆ ಹಗುರ ಇದೆ, ಕಾಲು ತಾನಾಗಿ ತಾಳ ಹಾಕುತ್ತದೆ. ನೀರು ಬರುತ್ತಿದೆ, ಗಂಟುಮೂಟೆ ಕಟ್ಟಬೇಕು, ಅಳುತ್ತಾ ಕೂರಲು ಪುರುಸೊತ್ತಿಲ್ಲ ಅನ್ನುವ ಹಾಗೆ. ಜೆಪ್ಪೆಲಿನ್‌ನವರು ಅದನ್ನು ತೆಗೆದುಕೊಂಡು ನಿಧಾನ ಮಾಡಿ, ಕೆಳಗಿಳಿಸಿ, ಆ ದೊಡ್ಡ ಡ್ರಮ್ ಹಾಕಿ ನೀರನ್ನೇ ಒಳಗೆ ಬಿಟ್ಟರು. ಮಿನ್ನಿ ಹಾಡಿನಲ್ಲಿ ಜನ ಇದ್ದಾರೆ, ಇವರ ಹಾಡಿನಲ್ಲಿ ಪ್ರವಾಹ ಇದೆ. ನನಗೆ ಕೇಳಿಸುವುದು ಹೀಗೆ, ನಿಮಗೆ ಬೇರೆ ಥರ ಕೇಳಿಸಬಹುದು.

ಅಂದರೆ ನೀವು ಹೆದರುತ್ತಿರುವ ಆ ಬೀಟ್, ಒಂದು ರಾಕ್ ಬ್ಯಾಂಡ್ ತನ್ನ ಹೀರೋಗಳ ಹಾಡು ನುಡಿಸುವಾಗ ಸೇರಿಸಿದ್ದು. ಅವರೂ ಒಂದು ದಿನ ನಿಮ್ಮ ಜಾಗದಲ್ಲೇ ಕೂತಿದ್ದರು. ವೇದಿಕೆ ಮೇಲೆ ಅವರಿಗೂ ಇದು ಸುಲಭ ಆಗಲಿಲ್ಲ. 1975ರ ಪ್ರವಾಸದ ಶುರುವಿನಲ್ಲಿ ಕೆಲವೇ ಸಲ ನುಡಿಸಿ ಕೈಬಿಟ್ಟರು.

ರೆಕಾರ್ಡ್ ಕೇಳಿ. ಮೊದಲ ಸಲ ಡ್ರಮ್ಮರ್ ಆಗಿ ಕೇಳಬೇಡಿ. ಮತ್ತೆ ವೇದಿಕೆಯಲ್ಲಿ ಆಕೆಯ ಹೆಸರು ಹೇಳಿ.

ಎಡಗೈ_ಡ್ರಮ್ಮರ್

ಕೇಳಿದೆ. ಒಂದೇ ರಾತ್ರಿ ಹನ್ನೊಂದು ಸಲ. ಆರು ವರ್ಷದಿಂದ ಈ ಹಾಡಿಗೆ ಕೈ ಮುಗಿಯುತ್ತಿದ್ದವನು ನಾನು, ಮಿನ್ನಿಯ ಹೆಸರು ಆಲ್ಬಮ್ ಮೇಲೆ ಇದ್ದದ್ದನ್ನೂ ಗಮನಿಸಿರಲಿಲ್ಲ. ನಾಚಿಕೆ ಆಯಿತು.

ಮರುದಿನ ರಿಹರ್ಸಲ್‌ನಲ್ಲಿ ಏನೂ ಹೇಳದೆ ಹಾಕಿದೆ. ಎದ್ದು ಹೋಗಿದ್ದ ಗಿಟಾರಿನವನೂ ಬಂದಿದ್ದ. ಅವನು ಕಣ್ಣು ಮುಚ್ಚಿ ಕೇಳಿದ. ಮತ್ತೆ ಹಾಕು ಅಂದ. ಮತ್ತೆ ಹಾಕು ಅಂದ. ನಾಲ್ಕನೇ ಸಲಕ್ಕೆ ಗಿಟಾರ್ ತೆಗೆದು ಮಿನ್ನಿಯ ಬೆರಳನ್ನು ಒಂದೊಂದೇ ನೋಟ್ ಹಿಡಿದು ಕಲಿಯಲು ಕೂತ. ನಕಲು ಮಾಡುವ ಹುಚ್ಚು ಹೋಗಿಲ್ಲ, ಗುರು ಬದಲಾದರು ಅಷ್ಟೇ. ಅವನು ಸಂತೋಷ, ಹಾಡುವವನೂ ಸಂತೋಷ, ಜಗಳ ತಾನಾಗಿ ಬಿದ್ದುಹೋಯಿತು.

ಈಗಿನ ಯೋಚನೆ ಹೀಗಿದೆ. ಶುರುವಿನಲ್ಲಿ ಎರಡು ಗಿಟಾರ್, ಒಂದು ದನಿ, 1929ರ ಹಾಗೆ. ನಾನು ಸುಮ್ನೆ ಕೂತಿರುತ್ತೇನೆ. ಆಮೇಲೆ ವೇಗ ಇಳಿಯುತ್ತದೆ, ಡ್ರಮ್ ಬರುತ್ತದೆ. ಹಾರ್ಮೋನಿಕಾದ ಸಾಲುಗಳನ್ನು ಹಾಡುವವನು ಗಿಟಾರ್ ತಂತಿ ಮೇಲೆ ಕೊಳವೆ ಜಾರಿಸುವ ಸ್ಲೈಡ್‌ನಲ್ಲಿ ನುಡಿಸುತ್ತಾನೆ, ಅದರಷ್ಟು ಕೊರೆಯುವುದಿಲ್ಲ, ಆದರೆ ಪರವಾಗಿಲ್ಲ.

ಮಿಕ್ಸರ್ ಅವರೇ, ದಿಂಬು ತೆಗೆದೆ. ಮೊಬೈಲ್ ದೂರ ಇಟ್ಟು ಕೇಳಿದೆ. ನೀವು ಹೇಳಿದ್ದು ಅಕ್ಷರಶಃ ನಿಜ, ಬರೀ ಹೈಹ್ಯಾಟ್ ಮಳೆ. ಈಗ ಹೈಹ್ಯಾಟ್ ಕೋಲನ್ನು ಎರಡು ಬೆರಳಲ್ಲಿ ಹಿಡಿದು ಅಭ್ಯಾಸ ಮಾಡುತ್ತಿದ್ದೇನೆ.

ಇನ್ನೊಂದೇ ಅನುಮಾನ. ಡ್ರಮ್ ಇಲ್ಲದೆ ಎಷ್ಟು ಹೊತ್ತು ತಳ್ಳಬಹುದು? ಹಾಡುವವನು ಮೂರು ನಿಮಿಷ ಅನ್ನುತ್ತಾನೆ.

ಬಾಡಿಗೆ_ಗಂಟಲು

ಮೂರು ನಿಮಿಷ ಜಾಸ್ತಿ ಆಯ್ತು. ಜನ ನಿಮ್ಮ ಕೈ ನೋಡುತ್ತಾ ಕೂತಿರುತ್ತಾರೆ. ಒಂದೂವರೆ ನಿಮಿಷ, ಹೆಚ್ಚೆಂದರೆ ಎರಡು.

ನಾನು ಒಂಬತ್ತು ವರ್ಷ, ಬೇರೊಂದು ಬ್ಯಾಂಡನ್ನು ಹಾಗೇ ಅನುಕರಿಸುವ ಟ್ರಿಬ್ಯೂಟ್ ಬ್ಯಾಂಡ್‌ನಲ್ಲಿ ಹಾಡಿದವನು. ವೇಷ, ಕೂದಲು, ಎಲ್ಲ ಹಾಕಿ. ಅದಕ್ಕೇ ನಿಮ್ಮ ನಕಲು ಗಿಟಾರಿನವನ ಪರ ಎರಡು ಮಾತು. ನಕಲು ಅಂದರೆ ಎಲ್ಲರೂ ಮೂಗು ಮುರಿಯುತ್ತಾರೆ. ಟಾಡ್ ರಂಡ್‌ಗ್ರೆನ್ 1976ರಲ್ಲಿ ‘ಫೇತ್‌ಫುಲ್’ ಅಂತ ಆಲ್ಬಮ್ ಮಾಡಿದರು. ಅದರ ಒಂದು ಬದಿ ಪೂರ್ತಿ ಅರವತ್ತರ ದಶಕದ ಆರು ಹಾಡುಗಳು. ಬೀಟಲ್ಸ್, ಬೀಚ್ ಬಾಯ್ಸ್, ಡಿಲನ್, ಹೆಂಡ್ರಿಕ್ಸ್ ಇಂಥವರದ್ದು. ಮೂಲ ರೆಕಾರ್ಡ್ ಹೇಗಿದೆಯೋ ಹಾಗೇ ಬರಬೇಕು ಅಂತ ಮಾಡಿದ್ದು. ಅದನ್ನು ಕೇಳಿದಾಗ ನನಗೆ ಗೊತ್ತಾಗಿದ್ದು, ಹಾಗೆ ಮಾಡಲು ಎಷ್ಟು ಕಿವಿ ಬೇಕು ಅಂತ. ಒಂದು ಹಾಡನ್ನು ಉಸಿರು ಉಸಿರಿಗೆ ನಕಲು ಮಾಡಿದ ಮೇಲೆ ಅದರಲ್ಲಿ ಯಾವುದನ್ನು ಬಿಡಬಹುದು ಅಂತ ಗೊತ್ತಾಗುತ್ತದೆ. ಕಲಿಯದೇ ಬಿಟ್ಟರೆ ಅದು ಸೋಮಾರಿತನ.

ಬದಲಾಯಿಸುವುದಾದರೆ ಧೈರ್ಯವಾಗಿ ಬದಲಾಯಿಸಿ. ಜೋ ಕಾಕರ್ 1968ರಲ್ಲಿ ಬೀಟಲ್ಸ್‌ನ ‘ವಿತ್ ಎ ಲಿಟ್ಲ್ ಹೆಲ್ಪ್ ಫ್ರಮ್ ಮೈ ಫ್ರೆಂಡ್ಸ್’ ಹಾಡಿದಾಗ ತಾಳವನ್ನೇ ಬದಲಿಸಿದರು. ನಾಲ್ಕರ ನಡಿಗೆ ಇದ್ದದ್ದು ಮೂರರದ್ದಾಯಿತು. ಮಾತು ಅದೇ, ಹಾಡು ಬೇರೆ. ಅಂದಹಾಗೆ ಆ ರೆಕಾರ್ಡ್‌ನಲ್ಲಿ ಗಿಟಾರ್ ಯಾರದ್ದು ಗೊತ್ತಲ್ವಾ? ಜೆಪ್ಪೆಲಿನ್‌ನ ಗಿಟಾರಿಸ್ಟ್ ಜಿಮ್ಮಿ ಪೇಜ್‌ದು.

ಹಾಡುವವನಿಗೆ ಒಂದು ಮಾತು. ಜೆಪ್ಪೆಲಿನ್ ಗಾಯಕ ಪ್ಲಾಂಟ್ ಎತ್ತರಕ್ಕೆ ಹೋಗುವ ಹಟ ಬೇಡ. ಏಳು ನಿಮಿಷ, ಅದೂ ಕೊನೆಯ ಹಾಡು. ಸ್ವಲ್ಪ ಕೆಳಗಿನ ಶ್ರುತಿಯಲ್ಲೇ ಶುರು ಮಾಡಲಿ. ಶ್ರುತಿ ಇಳಿಸಿದರೆ ಯಾರೂ ಜೈಲಿಗೆ ಹಾಕುವುದಿಲ್ಲ.

ಎಡಗೈ_ಡ್ರಮ್ಮರ್

ಕಾರ್ಯಕ್ರಮ ಮುಗಿಯಿತು. ಕೇಳಿದವರಿಗೆಲ್ಲ ಉತ್ತರ ಇಲ್ಲೇ ಬರೆಯುತ್ತೇನೆ.

ಹಾಡುವವನು ಮೈಕ್ ಮುಂದೆ ನಿಂತು ಮೆಂಫಿಸ್ ಮಿನ್ನಿ, ಕಾನ್ಸಸ್ ಜೋ, 1929 ಅಂತ ಹೇಳಿದ. ಗಾಬರಿಯಲ್ಲಿ ಮೊದಲು ‘1829’ ಅಂದ. ಬೇಸ್‌ನವಳು ಮೈಕಿಲ್ಲದೆ ತಿದ್ದಿದಳು. ಎದುರಿನ ಸಾಲು ನಕ್ಕಿತು. ಒಳ್ಳೆಯದೇ ಆಯಿತು, ನಮ್ಮ ಕೈ ಸಡಿಲವಾಯಿತು.

ಆಮೇಲೆ ಆ ಒಂದೂವರೆ ನಿಮಿಷ. ಕೈಯನ್ನು ತೊಡೆ ಮೇಲೆ ಇಟ್ಟುಕೊಂಡು ಕೂತಿದ್ದೆ. ಡ್ರಮ್ ಹಿಂದೆ ಕೂತು ಸುಮ್ಮನಿರುವುದು ಎಂಥ ಹಿಂಸೆ ಅಂತ ಬೇರೆ ಯಾರಿಗೂ ಅರ್ಥ ಆಗಲ್ಲ. ಗಿಟಾರಿನವನು ಮಿನ್ನಿಯ ಬೆರಳನ್ನು ಹಾಗೇ ಇಳಿಸುತ್ತಿದ್ದ. ಅವನ ಮುಖದಲ್ಲಿ ಅಷ್ಟು ನೆಮ್ಮದಿ ನಾನು ಆರು ವರ್ಷದಲ್ಲಿ ನೋಡಿಲ್ಲ. ಎದುರಿಗೆ ಯಾರೋ ಒಬ್ಬರು ಕಾಲಲ್ಲಿ ತಾಳ ಹಾಕುತ್ತಿದ್ದರು. ನನಗೆ ಒಂದು ಕ್ಷಣ ಡ್ರಮ್ ಹೊಡೆಯಲೇಬಾರದು ಅನ್ನಿಸಿತು.

ಹೊಡೆದೆ. ಒಂದು ಬಾರ್, ಅಂದರೆ ನಾಲ್ಕು ಬೀಟ್, ತಡವಾಗಿ! ಎಣಿಕೆ ತಪ್ಪಿತ್ತು. ಉಳಿದ ಮೂವರೂ ನಿಲ್ಲಿಸಿ ನನ್ನ ಕಡೆ ತಿರುಗಿದ್ದರು. ಆ ಒಂದು ಬಾರ್ ಹಾಲ್‌ನಲ್ಲಿ ಏನೇನೂ ಸದ್ದಿಲ್ಲ. ಅದರ ನಂತರ ಕಿಕ್ ಬಿತ್ತು. ಚೆನ್ನಾಗಿ ಯೋಚನೆ ಮಾಡಿ ಇಟ್ಟ ಮೌನ ಅಂತ ಎಷ್ಟೋ ಜನ ಆಮೇಲೆ ಹೊಗಳಿದರು. ನಾನು ಬಾಯಿ ಬಿಡಲಿಲ್ಲ.

ಸದ್ದು? ಹೆಡ್ಲಿ ಗ್ರೇಂಜ್ ಖಂಡಿತ ಅಲ್ಲ. ಡಬ್ಬವೂ ಅಲ್ಲ. ಸೌಂಡ್‌ನವರು ಚೀಟಿ ನೋಡಿ ‘214 ಯಾಕೆ, 210 ಸಾಲದಾ’ ಅಂತ ಕೇಳಿದರು, ಆದರೆ ಹಾಕಿದರು. ನಾಲ್ಕನೇ ನಿಮಿಷದಲ್ಲಿ ನನಗೆ ಉಳಿದವರನ್ನು ಕೇಳಿಸುವ ಮಾನಿಟರ್ ಸ್ಪೀಕರ್ ಸತ್ತಿತು. ಬೇಸ್‌ನವಳ ಭುಜ ನೋಡಿಕೊಂಡು ಉಳಿದದ್ದು ಮುಗಿಸಿದೆ.

ಒಬ್ಬರು ಹಿಂದೆ ಬಂದು ‘ಹಾಡು ಹಾಳು ಮಾಡಿದಿರಿ, ಶುರುವಿನ ಡ್ರಮ್ ಎಲ್ಲಿ’ ಅಂತ ತರಾಟೆಗೆ ತೆಗೆದುಕೊಂಡರು. ನಮ್ಮ ನಕಲು ಗಿಟಾರಿನವನೇ ಎದುರು ನಿಂತು ಹತ್ತು ನಿಮಿಷ ವಾದ ಮಾಡಿದ. ಮೂರು ವಾರದ ಹಿಂದೆ ಅವನೇ ಅದೇ ಮಾತು ಹೇಳಿದ್ದ ಅನ್ನುವುದನ್ನು ನಾವು ಯಾರೂ ನೆನಪಿಸಲಿಲ್ಲ.

ತಂತಿ ಅವರೇ, ನಿಮ್ಮ ಮೆಟ್ರೊನೋಮ್ ಮಾತಿಗೆ ಲೆಕ್ಕ ಒಪ್ಪಿಸುತ್ತಿದ್ದೇನೆ. ರೆಕಾರ್ಡಿಂಗ್ ಅಳೆದು ನೋಡಿದೆ. ಡ್ರಮ್ ಶುರುವಾದಾಗ 70, ಮುಗಿಸಿದಾಗ 77. ಅದನ್ನು ಇಲ್ಲಿ ಹಾಕಲ್ಲ, ದಯವಿಟ್ಟು ಕೇಳಬೇಡಿ. ಕಿಕ್ ಒಳಗಿನ ದಿಂಬನ್ನು ಮನೆಗೆ ತಂದಿದ್ದೆ, ಈಗ ಅದು ಬೆಕ್ಕಿನ ಪಾಲಾಗಿದೆ.